ಗಲಾಟೆಯ ಮನೆಯಲ್ಲಿ ನಡುವಿನ ಮಗು ಯಾಕೆ ಯಾರ ಕಣ್ಣಿಗೂ ಬೀಳುವುದಿಲ್ಲ?

ಪ್ರೀತಿ ಕಡಿಮೆಯಾಗಿ ಅಲ್ಲ, ಹೆಚ್ಚಾಗಿ ಪುರುಸೊತ್ತಿಲ್ಲದೆ. ದೊಡ್ಡವರ ಗಮನ ಗದ್ದಲ ಇರುವ ಕಡೆಗೇ ಓಡುತ್ತದೆ. ದಾವಣಗೆರೆಯ ನಮ್ಮ ಮನೆಯಲ್ಲಿ ಅಣ್ಣನಿಗೆ ಪರೀಕ್ಷೆ, ತಂಗಿಗೆ ಉಬ್ಬಸ, ಪಡಸಾಲೆ ತುಂಬಾ ನೆಂಟರು. ನಾನು? "ಅವನೇನು ಬಿಡವ್ವ, ಜಾಣ" ಅಂತಿದ್ದರು ಅಜ್ಜಿ. ಸಂಜೆ ಮಂಡಕ್ಕಿ-ಮೆಣಸಿನಕಾಯಿ ತಂದರೆ ನನ್ನ ತಟ್ಟೆಗೆ ಬರೀ ಮಂಡಕ್ಕಿ. ಕೇಳಿದ್ದರೆ ಅಪ್ಪ ಮತ್ತೆ ಓಡಿಹೋಗಿ ತರುತ್ತಿದ್ದರು. ನಾನೇ ಕೇಳುತ್ತಿರಲಿಲ್ಲ. ಕೇಳದ ಮಗುವಿಗೆ ಏನೂ ಬೇಡ ಅಂತ ಮನೆಯವರು ನಂಬಿಬಿಡುತ್ತಾರೆ, ತೊಡಕು ಇರುವುದೇ ಅಲ್ಲಿ.

ಹುಟ್ಟಿದ ಕ್ರಮ ಸ್ವಭಾವವನ್ನು ರೂಪಿಸುತ್ತದೆ ಅಂತ ಮನೋವೈದ್ಯ ಆಲ್ಫ್ರೆಡ್ ಆಡ್ಲರ್ ಹೇಳಿದ್ದರು. ಆದರೆ 2015ರ ಒಂದು ಅಧ್ಯಯನ ಅಮೆರಿಕ, ಬ್ರಿಟನ್, ಜರ್ಮನಿಯ 20,000ಕ್ಕೂ ಹೆಚ್ಚು ಜನರ ಮಾಹಿತಿ ನೋಡಿತು. ಜನರೊಡನೆ ಬೆರೆಯುವುದು, ಹೊಂದಿಕೊಳ್ಳುವುದು, ಇಂಥ ಗುಣಗಳ ಮೇಲೆ ಶಾಶ್ವತ ಪರಿಣಾಮ ಕಾಣಲಿಲ್ಲ. ಹಾಗಾಗಿ 'ನಡುವಿನವರೆಲ್ಲ ಹೀಗೇ' ಅನ್ನುವ ಮಾತನ್ನು ಜಾಸ್ತಿ ನಂಬಬೇಡಿ. ಕಡೆಗಣಿಸಿದ ನೋವು ಮಾತ್ರ ನಿಜ, ಅದು ಬೇರೆ ವಿಷಯ.

ನೀವು ತಂದೆತಾಯಿ ಆಗಿದ್ದರೆ ನಡುವಿನ ಮಗುವನ್ನು ಮಾತ್ರ ಪಾರ್ಕಿಗೋ ಸಂತೆಗೋ ಕರೆದುಕೊಂಡು ಹೋಗಿ. ಪ್ರಶ್ನೆ ಕೇಳಬೇಡಿ, ಸುಮ್ನೆ ಜೊತೆಗಿರಿ. ಸ್ವಲ್ಪ ಹೊತ್ತಿಗೆ ಅದೇ ಮಾತಾಡುತ್ತದೆ.