ಅವಳಿಗೆ ಮಜ್ಜಿಗೆಯೇ ಇಷ್ಟ ಅಂತ ಯಾರು ಹೇಳಿದ್ದು?

ಈ ಪತ್ರ ಓದಿ ಮುಗಿಸಿದವಳೇ ಎದ್ದು ಹೋಗಿ ಫ್ರಿಜ್ ಬಾಗಿಲು ತೆಗೆದೆ. ಮೊಸರಿನ ಪಾತ್ರೆ ಇತ್ತು, ಮೇಲೆ ಕೆನೆ ಕಟ್ಟಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಮೊದಲು ಪತ್ರ.

ಬರೆದವನು 26 ವರ್ಷದ ಹುಡುಗ. ಊರು ದಾವಣಗೆರೆ ಕಡೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಇಬ್ಬರು ಗೆಳೆಯರ ಜೊತೆ ರೂಮು. ಒಂದು ಶನಿವಾರ ರಾತ್ರಿ ಹನ್ನೊಂದು ಗಂಟೆಗೆ ಒಬ್ಬನೇ ಕೂತು ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಅನ್ನುವ ಜಪಾನಿನ ಅನಿಮೆ ಸಿನಿಮಾ ನೋಡಿದ್ದಾನೆ. ಭಾನುವಾರವೆಲ್ಲ ಅತ್ತಿದ್ದಾನೆ. ಸೋಮವಾರ ಹೊಟ್ಟೆ ಕೆಟ್ಟಿದೆ ಅಂತ ಸುಳ್ಳು ಹೇಳಿ ರಜೆ ಹಾಕಿದ್ದಾನೆ. ಅವನು ಅಳುವುದನ್ನು ರೂಮ್‌ಮೇಟ್ ಒಬ್ಬ ಕದ್ದು ವಿಡಿಯೊ ಮಾಡಿ, ನಗುವ ಎಮೋಜಿ ಅಂಟಿಸಿ ಸ್ಟೇಟಸ್‌ಗೆ ಹಾಕಿದ್ದಾನೆ. ಇದೆಲ್ಲ ಆಗಿ ಹತ್ತು ದಿನ. ಈಗಲೂ ತಟ್ಟೆ ಮುಂದೆ ಕೂತರೆ ತುತ್ತು ಇಳಿಯುವುದಿಲ್ಲವಂತೆ. ಕಾರ್ಟೂನ್ ನೋಡಿ ಇಷ್ಟು ಅಳುವುದು ಮನಸ್ಸಿನ ಕಾಯಿಲೆಯಾ, ಇದನ್ನು ಮರೆಯುವುದು ಹೇಗೆ, ಇಷ್ಟು ಸೂಕ್ಷ್ಮ ಆಗದೆ ಇರಲು ಏನು ಮಾಡಬೇಕು ಅಂತ ಕೇಳಿದ್ದಾನೆ.

ನನ್ನ ಮಗನಿಗಿಂತ ಚಿಕ್ಕವನು ನೀನು. ಹಾಗಾಗಿ ‘ನೀವು, ತಾವು’ ಎಲ್ಲ ಬಿಟ್ಟು ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಅಳುವುದು ಕಾಯಿಲೆ ಅಲ್ಲ. ಸ್ಟೇಟಸ್ ಹಾಕಿದ ಆ ಮಹಾನುಭಾವನಿಗೆ ಒಂದು ಸಂಗತಿ ಹೇಳು. 1970ರ ಮಾರ್ಚ್ 24ರಂದು ಟೋಕಿಯೊದಲ್ಲಿ ಒಬ್ಬ ಬಾಕ್ಸರ್‌ನ ಸಾವಿನ ಕಾರ್ಯ ನಡೆಯಿತು. ಸುಮಾರು 700 ಜನ ಸೇರಿದ್ದರು. ಬೌದ್ಧ ಭಿಕ್ಷು ಬಂದು ಮಂತ್ರ ಹೇಳಿದರು. ಮುಂದೆ ನಿಂತು ಎಲ್ಲ ಮಾಡಿಸಿದವರು ಶುಜಿ ತೆರಯಾಮಾ, ಆ ಕಾಲದ ದೊಡ್ಡ ಕವಿ, ನಾಟಕಕಾರ. ಸತ್ತವನ ಹೆಸರು ತೊರು ರಿಕಿಯಿಶಿ. ಅವನು ಹುಟ್ಟಿದ್ದೇ ಕಾಗದದ ಮೇಲೆ, ‘ಅಶಿತಾ ನೊ ಜೋ’ ಅನ್ನುವ ಮಾಂಗಾದಲ್ಲಿ, ಅಂದರೆ ಜಪಾನಿನ ಚಿತ್ರಕಥೆಯಲ್ಲಿ. ನಾಯಕ ಜೋನ ತೂಕದ ವರ್ಗಕ್ಕೆ ಇಳಿದು ಅವನ ಜೊತೆ ಆಡಬೇಕು ಅಂತ ಅನ್ನ ಬಿಟ್ಟ, ನೀರು ಬಿಟ್ಟ. ಬಾಯಾರಿಕೆ ತಡೆಯಲಾರದೆ ಓಡಿ ಹೋದರೆ ನಲ್ಲಿಗಳಿಗೆಲ್ಲ ತಂತಿ ಸುತ್ತಿ ಬಿಗಿದಿಟ್ಟಿದ್ದರು. ಕೊನೆಗೆ ಆಡಿದ, ಗೆದ್ದ, ಸತ್ತ. ಬಂದ ಆ 700 ಜನಕ್ಕೆ ಅದು ಬರೆದ ಚಿತ್ರ ಅಂತ ಗೊತ್ತಿರಲಿಲ್ವಾ? ಚೆನ್ನಾಗಿಯೇ ಗೊತ್ತಿತ್ತು.

ಅಂದಹಾಗೆ ಆ ರೂಮ್‌ಮೇಟ್ ವಿಡಿಯೊ ಅಳಿಸಿದನಾ? ಇಲ್ಲದಿದ್ದರೆ ಇವತ್ತೇ ಅಳಿಸು ಅಂತ ಹೇಳು. ಅತ್ತವನಿಗಿಂತ, ಅಳುವವನ ಕಡೆ ಕ್ಯಾಮೆರಾ ತಿರುಗಿಸಿದವನ ಬಗ್ಗೆಯೇ ನನಗೆ ಚಿಂತೆ ಜಾಸ್ತಿ.

ಇನ್ನು ರಾತ್ರಿ ಹನ್ನೊಂದರ ಮಾತು. ರಾತ್ರಿ ಹತ್ತರ ಮೇಲೆ ದುಃಖದ ಸಿನಿಮಾ ನೋಡಬಾರದು, ಜಗಳದ ಮೆಸೇಜ್ ಕಳಿಸಬಾರದು, ಬ್ಯಾಂಕ್ ಬ್ಯಾಲೆನ್ಸ್ ತೆಗೆದು ನೋಡಬಾರದು. ಇದನ್ನು ನಾನು ಎಷ್ಟೋ ಸಲ ಬರೆದಿದ್ದೇನೆ. ಯಾರೂ ಕೇಳುವುದಿಲ್ಲ. ಇನ್ನೂ ಬರೆಯುತ್ತಿರುತ್ತೇನೆ.

ಸಿನಿಮಾ ನೋಡದವರಿಗೆ ನಾಲ್ಕು ಮಾತು. 1945. ಅಮೆರಿಕದ ವಿಮಾನಗಳು ಕೋಬೆ ನಗರವನ್ನು ಬೆಂಕಿ ಬಾಂಬುಗಳಿಂದ ಸುಡುತ್ತಿವೆ. 14 ವರ್ಷದ ಸೇತಾ, 4 ವರ್ಷದ ತಂಗಿ ಸೆತ್ಸುಕೊ. ಅಪ್ಪ ನೌಕಾಪಡೆಯಲ್ಲಿ, ಅಮ್ಮ ಸುಟ್ಟ ಗಾಯದಿಂದ ತೀರಿಕೊಂಡಿದ್ದಾಳೆ. ಮಕ್ಕಳು ದೂರದ ಸಂಬಂಧದ ಅತ್ತೆಯ ಮನೆ ಸೇರುತ್ತಾರೆ. ಅಲ್ಲಿ ಇರಲಾಗದೆ ಹೊರಟು ಕೆರೆದಂಡೆಯ ಒಂದು ಗುಹೆಯಲ್ಲಿ ವಾಸ ಮಾಡುತ್ತಾರೆ. ತಂಗಿ ಹಸಿವಿನಿಂದ ಸಾಯುತ್ತಾಳೆ, ಆಮೇಲೆ ಅಣ್ಣ. ಇಸಾವೊ ತಕಹಾತಾ ನಿರ್ದೇಶನದ ಚಿತ್ರ, 1988ರ ಏಪ್ರಿಲ್‌ನಲ್ಲಿ ತೆರೆಗೆ ಬಂತು. ಅದೂ ‘ಮೈ ನೇಬರ್ ಟೊಟೊರೊ’ ಅನ್ನುವ ಮುದ್ದು ಮುದ್ದಾದ ಮಕ್ಕಳ ಚಿತ್ರದ ಜೊತೆ, ಒಂದೇ ಟಿಕೆಟ್‌ಗೆ ಎರಡು ಅನ್ನುವ ಹಾಗೆ. ಮಕ್ಕಳನ್ನು ಕರೆದುಕೊಂಡು ಟೊಟೊರೊ ನೋಡಲು ಹೋದ ಅಪ್ಪ ಅಮ್ಮಂದಿರ ಗತಿ ಏನಾಗಿರಬೇಡ!

ನಿನ್ನನ್ನು ಕಾಡುತ್ತಿರುವುದು ಆ ಡ್ರಾಪ್ಸ್ ಡಬ್ಬಿ ಅಂತ ಬರೆದಿದ್ದೀಯ. ಹಣ್ಣಿನ ರುಚಿಯ ಪೆಪ್ಪರ್‌ಮೆಂಟು ತುಂಬಿದ ತಗಡಿನ ಡಬ್ಬಿ. ಖಾಲಿಯಾದ ಮೇಲೆ ಸೇತಾ ಅದಕ್ಕೆ ನೀರು ಹಾಕಿ ಅಲ್ಲಾಡಿಸಿ ಕೊಡುತ್ತಾನೆ, ತಂಗಿ ಆ ಸಿಹಿ ನೀರು ಕುಡಿಯುತ್ತಾಳೆ. ಕೊನೆಗೆ ಅದೇ ಡಬ್ಬಿಯಲ್ಲಿ ಅವಳ ಮೂಳೆ. ನೀನು ಅಂಥ ಡಬ್ಬಿ ಆನ್‌ಲೈನ್‌ನಲ್ಲಿ ಸಿಗುತ್ತದಾ ಅಂತ ಹುಡುಕಿದೆಯಂತೆ. ಕೆಂಪು ಡಬ್ಬಿಯ ಸಕುಮಾ ಡ್ರಾಪ್ಸ್ ಮಾಡುತ್ತಿದ್ದ ಕಂಪನಿ 2023ರ ಜನವರಿಯಲ್ಲಿ ಬಾಗಿಲು ಹಾಕಿತು. ಸಿಕ್ಕಿದರೂ ಕೊಳ್ಳಬೇಡ. ನಿನ್ನ ಅಳು ಆ ಡಬ್ಬಿಯದಲ್ಲ.

ಪತ್ರದ ಅರ್ಧ ಪುಟ ನೀನು ಸಿನಿಮಾದ ಅತ್ತೆಯನ್ನು ಬೈದಿದ್ದೀಯ. ‘ಅವಳು ಮನುಷ್ಯಳೇ ಅಲ್ಲ’ ಅಂತ ಎರಡು ಸಲ ಇದೆ. ಅದರ ಕೆಳಗೆ, ಬ್ರಾಕೆಟ್ ಒಳಗೆ, ಒಂದು ಸಾಲು:

‘ಅಪ್ಪ ಹೋದ ಮೇಲೆ ನಾವೂ ಆರು ವರ್ಷ ದೊಡ್ಡಮ್ಮನ ಮನೆಯಲ್ಲಿ ಬೆಳೆದೆವು, ನಮಗೆ ಹಾಗೇನೂ ಆಗಲಿಲ್ಲ, ದೊಡ್ಡಮ್ಮ ನನಗೆ ಕೆನೆಮೊಸರೇ ಹಾಕುತ್ತಿದ್ದರು, ತಂಗಿಗೆ ಮಜ್ಜಿಗೆ ಇಷ್ಟ.’

ನಾನು ಫ್ರಿಜ್ ಹತ್ತಿರ ಹೋದದ್ದು ಈ ಸಾಲು ಓದಿ.

ಆಗ ನಿನಗೆ 11, ಅವಳಿಗೆ 6. ಆರು ವರ್ಷದ ಮಗುವಿಗೆ ಕೆನೆಮೊಸರು ಬೇಡ, ನೀರು ಮಜ್ಜಿಗೆ ಇಷ್ಟ? ಪಕ್ಕದಲ್ಲೇ ಅಣ್ಣನ ತಟ್ಟೆಗೆ ದಪ್ಪ ಕೆನೆ ಬೀಳುತ್ತಿದ್ದರೂ? ಅಂಥ ಮಗುವನ್ನು ನಾನಂತೂ ಇನ್ನೂ ನೋಡಿಲ್ಲ. ‘ಇಷ್ಟ’ ಅಂತ ಅವಳೇ ಹೇಳಿರಬಹುದು, ಅದು ಬೇರೆ ಮಾತು. ಹೆಣ್ಣುಮಕ್ಕಳು ಬೇಗ ಕಲಿಯುತ್ತಾರೆ. ಕಾವಲಿ ಸರಿಯಾಗಿ ಕಾಯುವ ಮುಂಚೆ ಹಾಕಿದ ಮೊದಲ ದೋಸೆ ಕಿತ್ತು ಕಿತ್ತು ಬರುತ್ತದಲ್ಲ, ನನಗೆ ಅದೇ ಇಷ್ಟ ಅಂತ ನಮ್ಮ ಮನೆಯಲ್ಲಿ 20 ವರ್ಷ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

ಸಿನಿಮಾದಲ್ಲಿ ಊಟದ ದೃಶ್ಯ ನೆನಪಿದೆಯಾ? ಅತ್ತೆ ಗಂಜಿ ಬಡಿಸುತ್ತಾಳೆ. ತನ್ನ ಮಗಳಿಗೆ, ಮನೆಯಲ್ಲಿರುವ ಬಾಡಿಗೆಯವನಿಗೆ ಸೌಟು ತಳಕ್ಕೆ ಇಳಿಸಿ ಅಗುಳು ಎತ್ತಿ ಹಾಕುತ್ತಾಳೆ. ಈ ಎರಡು ಮಕ್ಕಳಿಗೆ ಮೇಲಿನ ತಿಳಿ. ಆ ಅಕ್ಕಿ ಬಂದದ್ದೂ ಮಕ್ಕಳ ಅಮ್ಮನ ಕಿಮೊನೊ ಮಾರಿ. ಗಂಜಿಯಲ್ಲಿ ಗಟ್ಟಿ ಇರುವುದು ತಳದಲ್ಲಿ, ಮೊಸರಿನಲ್ಲಿ ಮೇಲೆ. ಸೌಟು ಹಿಡಿದವರಿಗೆ ಎರಡೂ ಗೊತ್ತು.

ನೀನು ಸೇತಾ ಅಂದುಕೊಂಡು ಸಿನಿಮಾ ನೋಡಲು ಕೂತೆ. ಅಪ್ಪ ಇಲ್ಲ, ಚಿಕ್ಕ ತಂಗಿ, ನೆಂಟರ ಮನೆ, ಎಲ್ಲ ಹೊಂದಿಕೊಂಡಿತು. ಆಮೇಲೆ ಗಂಜಿ ಬಂತು. ಆ ಪಂಕ್ತಿಯಲ್ಲಿ ನಿನ್ನ ತಟ್ಟೆ ಇದ್ದದ್ದು ಸೆತ್ಸುಕೊ ಪಕ್ಕದಲ್ಲಲ್ಲ, ಅತ್ತೆಯ ಮಗಳ ಪಕ್ಕದಲ್ಲಿ. ಇದು ನಿನಗೆ ಆವತ್ತು ರಾತ್ರಿಯೇ ಹೊಳೆದಿದೆ ಅಂತ ನನ್ನ ಅನುಮಾನ. ಇಲ್ಲದಿದ್ದರೆ ಕೇಳದೆ ಇದ್ದ ಮೊಸರಿನ ವಿಷಯ ಪತ್ರದಲ್ಲಿ ಯಾಕೆ ಬರುತ್ತಿತ್ತು?

ತಪ್ಪು ನಿನ್ನದು ಅನ್ನುತ್ತಿಲ್ಲ. ಹನ್ನೊಂದು ವರ್ಷದ ಹುಡುಗ ತಟ್ಟೆಗೆ ಬಿದ್ದದ್ದನ್ನು ತಿನ್ನುತ್ತಾನೆ. ದೊಡ್ಡಮ್ಮನ ಮೇಲೂ ನನಗೆ ಅಂಥ ಸಿಟ್ಟಿಲ್ಲ. ಅವರದೇ ಮೂರು ಮಕ್ಕಳು, ಮೇಲೆ ನೀವಿಬ್ಬರು, ದಿನಕ್ಕೆ ಒಂದು ಲೀಟರ್ ಹಾಲು ಅಂತ ಬರೆದಿದ್ದೀಯ. ಕಾಫಿ ಟೀ ಆಗಿ ಹೆಪ್ಪು ಹಾಕಲು ಎಷ್ಟು ಉಳಿಯಬೇಕು, ಅದರ ಕೆನೆ ಎಷ್ಟು ತಟ್ಟೆಗೆ ಬರಬೇಕು? ಈ ಲೆಕ್ಕ ಅವರೊಬ್ಬರ ತಲೆ ಮೇಲಿತ್ತು. ಅವರೂ ಮಜ್ಜಿಗೆ ಕುಡಿದೇ ಬೆಳೆದಿರುತ್ತಾರೆ.

ನನಗೆ ಸಿಟ್ಟು ಬಂದಿರುವುದು ನಿನ್ನ ದೊಡ್ಡಪ್ಪನ ಮೇಲೆ. ಇಡೀ ಪತ್ರದಲ್ಲಿ ಅವರು ಒಂದೇ ಸಲ ಬರುತ್ತಾರೆ. ‘ದೊಡ್ಡಪ್ಪ ತುಂಬಾ ಒಳ್ಳೆಯವರು, ಪೇಪರ್ ಓದುತ್ತಾ ಊಟ ಮುಗಿಸಿ ಎದ್ದು ಹೋಗುತ್ತಿದ್ದರು.’ ಆಹಾ! ಸತ್ತು ಹೋದ ಸ್ವಂತ ತಮ್ಮನ ಮಗಳು ಎರಡು ಮೊಳ ದೂರದಲ್ಲಿ ಕೂತಿದ್ದಾಳೆ. ಆರು ವರ್ಷ. ಒಂದು ದಿನ, ಒಂದೇ ಒಂದು ದಿನ ಪೇಪರ್ ಕೆಳಗಿಟ್ಟು ‘ಆ ಕೂಸಿಗೂ ಒಂಚೂರು ಕೆನೆ ಹಾಕೇ’ ಅಂದಿದ್ದರೆ ಆಸ್ತಿ ಕರಗುತ್ತಿತ್ತಾ? ನಿಮ್ಮಮ್ಮ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿದು ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದರಂತೆ, ಬಿಟ್ಟಿ ಊಟವೂ ಅಲ್ಲ. ಉಣ್ಣುವಾಗ ಪೇಪರ್ ಹಿಡಿಯುವ ಗಂಡಸರು, ಈಗ ಮೊಬೈಲ್ ಹಿಡಿಯುವ ಗಂಡಸರು, ಪಕ್ಕದ ತಟ್ಟೆಯಲ್ಲಿ ಏನಿದೆ ಅಂತ ಯಾವತ್ತೂ ನೋಡುವುದಿಲ್ಲ. ಈ ಅಂಕಣದ ಹಳೇ ಓದುಗರು ‘ಶುರು ಮಾಡಿದರು ಮತ್ತೆ’ ಅಂತ ನಗುತ್ತಿರಬಹುದು. ನಗಲಿ.

ನಿನಗೆ ಗೊತ್ತಿರದ ಒಂದು ವಿಷಯ ಹೇಳುತ್ತೇನೆ. ಈ ಸಿನಿಮಾದ ಮೂಲ ಕಥೆ 1967ರದು, ಬರೆದವರು ಅಕಿಯುಕಿ ನೊಸಾಕಾ. ಕೋಬೆ ಸುಟ್ಟಾಗ ಅವರಿಗೂ 14 ವರ್ಷ. ಸಾಕಿದ ಮನೆಯ ಪುಟ್ಟ ತಂಗಿ ಅವರ ಜೊತೆಗಿದ್ದಳು. ಒಂದೂವರೆ ವರ್ಷವೂ ತುಂಬಿರದ ಕೂಸು. ಅವಳು ಅದೇ ವರ್ಷ ಫುಕುಯಿಯಲ್ಲಿ ಹೊಟ್ಟೆಗಿಲ್ಲದೆ ಸತ್ತಳು. ಸೇತಾನಷ್ಟು ಒಳ್ಳೆಯ ಅಣ್ಣ ನಾನಾಗಿರಲಿಲ್ಲ, ಹಸಿವು ತಡೆಯದೆ ಅವಳ ಪಾಲನ್ನೂ ನಾನೇ ತಿಂದೆ ಅನ್ನುವ ಅರ್ಥದಲ್ಲಿ ಅವರೇ ಬರೆದುಕೊಂಡಿದ್ದಾರೆ. ಕಥೆಯಲ್ಲಿ ಅಣ್ಣ ತಾನು ತಿನ್ನದೆ ತಂಗಿಗೆ ಕೊಡುತ್ತಾನೆ, ಅವಳ ಹಿಂದೆಯೇ ಸಾಯುತ್ತಾನೆ. ನಿಜವಾದ ಅಣ್ಣ ಬದುಕಿದ, ಈ ಕಥೆಗೆ ಜಪಾನಿನ ನವೊಕಿ ಸಾಹಿತ್ಯ ಪ್ರಶಸ್ತಿ ತೆಗೆದುಕೊಂಡ, 2015ರಲ್ಲಿ 85ನೇ ವಯಸ್ಸಿಗೆ ತೀರಿಕೊಂಡ. 70 ವರ್ಷ. ಅಷ್ಟು ವರ್ಷದಲ್ಲಿ ‘ನಿನಗೆ ಹಸಿವಾಗಿತ್ತಾ’ ಅಂತ ಕೇಳೋಣವೆಂದರೆ ಅವರಿಗೆ ತಂಗಿ ಇರಲಿಲ್ಲ.

ನಿನ್ನ ತಂಗಿ ಹರಿಹರದಲ್ಲಿದ್ದಾಳೆ. ‘ಹೋದ ವರ್ಷ ಮದುವೆ ಆಯಿತು, ಚೆನ್ನಾಗಿದ್ದಾಳೆ, ಫೋನ್ ಮಾಡಿದರೆ ಏನು ಮಾತಾಡಬೇಕು ತಿಳಿಯುವುದಿಲ್ಲ’ ಅಂತ ಬರೆದಿದ್ದೀಯ. ಚೆನ್ನಾಗಿದ್ದಾಳೆ ಅಂತ ನಿನಗೆ ಹೇಗೆ ಗೊತ್ತು? ಮಜ್ಜಿಗೆ ಇಷ್ಟ ಅಂತ ಗೊತ್ತಾಯಿತಲ್ಲ, ಹಾಗೇನಾ?

ಮರೆಯುವುದು ಹೇಗೆ, ಸೂಕ್ಷ್ಮತೆ ಕಡಿಮೆ ಮಾಡಿಕೊಳ್ಳುವುದು ಹೇಗೆ, ಆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಡು. ಇನ್ನೊಂದು ವಾರದಲ್ಲೂ ಊಟ ನಿದ್ದೆ ಸರಿಹೋಗದಿದ್ದರೆ ಡಾಕ್ಟರ ಹತ್ತಿರ ಹೋಗು, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೆ ಮುಂಚೆ ಮಾಡಬೇಕಾದದ್ದು ಒಂದೇ.

ಈ ಭಾನುವಾರ ಹರಿಹರಕ್ಕೆ ಹೋಗು. ಮಧ್ಯಾಹ್ನದ ಊಟಕ್ಕೆ.

ಸಿನಿಮಾದ ಕಥೆ ಹೇಳಬೇಡ. ‘ಕ್ಷಮಿಸು ತಂಗಿ’ ಅಂತ ಭಾಷಣ ಬೇಡವೇ ಬೇಡ. ನೀನು ಅಲ್ಲಿ ಕೂತು ಅತ್ತರೆ ಅವಳೇ ಎದ್ದು ನಿನಗೆ ಸಮಾಧಾನ ಹೇಳಿ ಕಾಫಿ ಮಾಡಿಕೊಡಬೇಕಾಗುತ್ತದೆ. ಊಟಕ್ಕೆ ಕರೆದಾಗ ‘ಅವಳೂ ಕೂರಲಿ, ಜೊತೆಗೇ ಆಗಲಿ’ ಅನ್ನು. ಅವಳ ಅತ್ತೆ ‘ಅಯ್ಯೋ, ನೀವು ಕೂತ್ಕೊಳ್ಳಿ, ಅವಳದು ಆಮೇಲೆ’ ಅನ್ನುತ್ತಾರೆ. ಮೂರು ಸಲ ಅನ್ನುತ್ತಾರೆ. ನಗುತ್ತಾ ನಾಲ್ಕನೇ ಸಲವೂ ಹೇಳು. ಮೊಸರು ಬರುವ ಹೊತ್ತಿಗೆ ಪಾತ್ರೆ ನಿನ್ನ ಕೈಯಲ್ಲಿರಲಿ. ಮೊದಲು ಅವಳ ತಟ್ಟೆ ಹತ್ತಿರ ಹಿಡಿದು ‘ಮೊಸರಾ, ಮಜ್ಜಿಗೇನಾ?’ ಅಂತ ಕೇಳು. ಕೇಳಿ ಸುಮ್ನೆ ಇರು. ಅವಳ ಬದಲು ನೀನೇ ಉತ್ತರ ಹೇಳಬೇಡ. ಅವಳು ಮಜ್ಜಿಗೆ ಅಂದರೆ ಮಜ್ಜಿಗೆಯೇ ಹಾಕು, ನಾನು ತಪ್ಪು ತಿಳಿದೆ ಅಂತ ಒಪ್ಪಿಕೊಳ್ಳುತ್ತೇನೆ.

ಒಂದು ವೇಳೆ ಅವಳನ್ನು ಜೊತೆಗೆ ಕೂರಿಸಲು ಆಗಲೇ ಇಲ್ಲವೆಂದರೆ, ಕೈ ತೊಳೆದು ಹೊರಗೆ ಹೋಗಿ ಮೊಬೈಲ್ ಹಿಡಿಯಬೇಡ. ಅಡುಗೆಮನೆ ಬಾಗಿಲ ಹತ್ತಿರ ಕುರ್ಚಿ ಎಳೆದುಕೊಂಡು ಕೂತು ಅದೂ ಇದೂ ಮಾತಾಡು. ಅವಳು ಎಷ್ಟು ಹೊತ್ತಿಗೆ ಊಟಕ್ಕೆ ಕೂರುತ್ತಾಳೆ, ಅಷ್ಟು ಹೊತ್ತಿಗೆ ಪಾತ್ರೆಯಲ್ಲಿ ಏನು ಉಳಿದಿರುತ್ತದೆ, ನೋಡಿಕೊಂಡು ಬಾ. ಬಂದು ನನಗೆ ಬರಿ.