ಆನೆ ಮೈ ಮುಟ್ಟಿಲ್ಲ, ಪರಿಹಾರ ಸಿಗುತ್ತಾ?

ಆಲೂರು ತಾಲ್ಲೂಕಿನ ಓದುಗಿಯೊಬ್ಬರ ಪತ್ರ:

"ನಮ್ಮ ಯಜಮಾನ್ರು ಕಾಫಿ ತೋಟದಲ್ಲಿ ಮೇಸ್ತ್ರಿ. ತಿಂಗಳಿಗೆ 14,000 ಸಂಬಳ. 2025ರ ಆಗಸ್ಟ್‌ನಲ್ಲಿ ಬೆಳಿಗ್ಗೆ ಆಳುಗಳನ್ನು ಕರ್ಕೊಂಡು ಚಿಗುರು ತೆಗೆಸೋಕೆ ಹೋಗಿದ್ದಾಗ ಕಾಡಾನೆ ಬಂತು. ಜೊತೆಗಿದ್ದವರೊಬ್ಬರು ಇವರ ಕಣ್ಣೆದುರೇ ಹೋಗಿಬಿಟ್ಟರು. ಅವತ್ತಿನಿಂದ ಇವರಿಗೆ ನಿದ್ದೆ ಇಲ್ಲ. ತೋಟದ ಗೇಟಿನ ತನಕ ಹೋಗಿ ವಾಪಸ್ ಬರುತ್ತಾರೆ. ಸಂಜೆಯಾದರೆ ಕುಡಿಯುತ್ತಾರೆ, ಮೊದಲು ಆ ಚಟ ಇರಲಿಲ್ಲ. ಸಾಹುಕಾರ್ರು 20,000 ಕೊಡುತ್ತೇವೆ, ಮುಂದೆ ಏನೂ ಕೇಳುವುದಿಲ್ಲ ಅಂತ ಛಾಪಾ ಕಾಗದಕ್ಕೆ ಸಹಿ ಹಾಕಿ ಅಂತಿದ್ದಾರೆ. ಆನೆ ಮೈ ಮುಟ್ಟಿಲ್ಲವಲ್ಲ, ಎಲ್ಲಿಂದ ಪರಿಹಾರ ಅಂತ ನೆಂಟರೂ ಕೇಳುತ್ತಾರೆ. ಅವತ್ತು ಗುಂಡಿಗೆ ಬಿದ್ದು ಮೊಣಕಾಲು ತರಚಿದ್ದಕ್ಕೆ ಪಿಎಚ್‌ಸಿಯಲ್ಲಿ ಇಂಜೆಕ್ಷನ್ ಹಾಕಿಸಿದ್ದು ಬಿಟ್ಟರೆ ಬೇರೇನೂ ಆಗಿಲ್ಲ. ಔಷಧಿ ಖರ್ಚಾದರೂ ಸಿಗುತ್ತಾ? ಇವರು ಕೆಲಸಕ್ಕೆ ಹೋಗಲೇಬೇಕಾ?"

ಪ್ರಿಯ ಸಹೋದರಿ,

ಕೇಳುವ ಹಕ್ಕು ನಿಮ್ಮ ಯಜಮಾನರಿಗೆ ಇದೆ. ಸಿಗುವುದು ಸುಲಭ ಅಂತ ಮಾತ್ರ ನಾನು ಹೇಳುವುದಿಲ್ಲ. ಹೇಗೆ ಕೇಳಬೇಕು, ಯಾವ ಕಾಗದ ಬೇಕು ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಸಕಲೇಶಪುರ, ಆಲೂರು, ಬೇಲೂರು, ಆಚೆ ಮೂಡಿಗೆರೆ ಕಡೆಯ ತೋಟದ ಆಳುಗಳ ಎಷ್ಟೋ ಲೈನ್ ಮನೆಗಳಲ್ಲಿ ಇದೇ ಪ್ರಶ್ನೆ ಇದೆ. ಆನೆ ದಾಳಿಯಲ್ಲಿ ಸತ್ತವರ ಲೆಕ್ಕ ಸಿಗುತ್ತದೆ. ನೋಡಿ ಬದುಕಿ ಉಳಿದವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ನನಗೆ ನಿಜವಾಗಿ ಸಂಕಟ ಆಗುವುದು ಇದಕ್ಕೇ.

ಮೊದಲು ಆ ಛಾಪಾ ಕಾಗದದ ವಿಚಾರ. ಸಹಿ ಹಾಕಬೇಡಿ. ಪರಿಹಾರದ ಹಕ್ಕನ್ನು ಬಿಟ್ಟುಕೊಡುತ್ತೇನೆ ಅಂತ ಕೆಲಸಗಾರ ಬರೆದುಕೊಟ್ಟರೂ ಆ ಬರಹಕ್ಕೆ ಬೆಲೆ ಇಲ್ಲ ಅನ್ನುತ್ತದೆ 1923ರ ನೌಕರರ ಪರಿಹಾರ ಕಾಯ್ದೆಯ 17ನೇ ಸೆಕ್ಷನ್. ಇಬ್ಬರೂ ಒಪ್ಪಿ ರಾಜಿ ಮಾಡಿಕೊಳ್ಳುವುದಾದರೂ ಅದು ಪರಿಹಾರ ಆಯುಕ್ತರ ಮುಂದೆ, ಅಂದರೆ ಈ ಕಾಯ್ದೆಯ ಕೇಸುಗಳನ್ನು ತೀರ್ಮಾನಿಸುವವರ ಮುಂದೆ, ನೋಂದಣಿ ಆಗಬೇಕು. ಮೊತ್ತ ತೀರಾ ಕಡಿಮೆ ಅನ್ನಿಸಿದರೆ ಅವರು ನೋಂದಣಿ ಮಾಡಲು ಒಪ್ಪದೇ ಇರಬಹುದು. ಹಾಗಂತ ಸಹಿ ಹಾಕಿ ಆಮೇಲೆ ನೋಡೋಣ ಅನ್ನಬೇಡಿ. ಆ ಕಾಗದ ಕೋರ್ಟಿನಲ್ಲಿ ನಿಲ್ಲದಿದ್ದರೂ ನಿಮ್ಮನ್ನು ಆರು ತಿಂಗಳು ಸುತ್ತಾಡಿಸಲು ಸಾಕು. ಸಾಹುಕಾರ್ರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. 20,000 ಕೊಡಲು ಮುಂದೆ ಬಂದಿದ್ದಾರೆ, ಅದು ಅವರ ಮನಸ್ಸು. ಕಾನೂನಿನ ಹೊಣೆ ಬೇರೆ ಮಾತು. ಅರಣ್ಯ ಇಲಾಖೆ ಕೊಡುವ ಪರಿಹಾರವೂ ಬೇರೆಯೇ. ಅದಕ್ಕೂ ಮಾಲೀಕರ ಹೊಣೆಗೂ ಗಂಟು ಹಾಕಬೇಡಿ.

ಈಗ ಕಾಯ್ದೆಗೆ ಬರೋಣ. ಕೆಲಸದ ಕಾರಣದಿಂದ, ಕೆಲಸದ ಹೊತ್ತಿನಲ್ಲಿ ಆದ ಅಪಘಾತದಿಂದ ಕೆಲಸಗಾರನಿಗೆ ಗಾಯವಾದರೆ ಮಾಲೀಕರು ಪರಿಹಾರ ಕೊಡಬೇಕು ಅನ್ನುವುದು 3ನೇ ಸೆಕ್ಷನ್. ಮಾಲೀಕರ ತಪ್ಪಿತ್ತು ಅಂತ ತೋರಿಸಬೇಕಾಗಿಲ್ಲ. ಆನೆ ಓಡಾಡುವ ತೋಟದೊಳಗೆ ಬೆಳಿಗ್ಗೆ ಆಳುಗಳನ್ನು ಕರೆದುಕೊಂಡು ಹೋಗುವುದೇ ಮೇಸ್ತ್ರಿಯ ಕೆಲಸ. ಹಾಗಾಗಿ ಆ ಅಪಾಯ ಕೆಲಸದ್ದೇ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1923ರ ಕಾಯ್ದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಏಳನೇ ಅಧ್ಯಾಯದೊಳಗೆ ಸೇರಿದೆ. ನಿಮ್ಮ ಘಟನೆ ಅದಕ್ಕೂ ಮೊದಲಿನದು, ಅದಕ್ಕೇ ಹಳೆ ಕಾಯ್ದೆಯ ಲೆಕ್ಕದಲ್ಲೇ ಬರೆಯುತ್ತಿದ್ದೇನೆ.

ಕಷ್ಟ ಇರುವುದು ಇಲ್ಲಿ. ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿ ಇದೆ. ಸೀಸದ ವಿಷ, ಸಿಲಿಕೋಸಿಸ್, ಇಂಥವು. ಮನಸ್ಸಿನ ಕಾಯಿಲೆ ಅದರಲ್ಲಿ ಒಂದೂ ಇಲ್ಲ. ಆದ್ದರಿಂದ ಕಾಯಿಲೆ ಅಂತ ಕೇಳಿಕೊಂಡು ಹೋದರೆ ಬಾಗಿಲು ಮುಚ್ಚಿರುತ್ತದೆ. ಅಪಘಾತದಿಂದ ಆದ ಗಾಯ ಅಂತಲೇ ಕೇಳಬೇಕು. ಗಾಯ ಮೈಮೇಲೆ ಕಾಣಲೇಬೇಕು ಅಂತ ಕಾಯ್ದೆ ಎಲ್ಲೂ ಹೇಳಿಲ್ಲ. ಮೈಮೇಲೆ ಒಂದು ಗೀರೂ ಇಲ್ಲದೆ, ಕೆಲಸದ ಒತ್ತಡದಿಂದ ಹೃದಯಾಘಾತವಾಗಿ ಸತ್ತವರ ಮನೆಯವರಿಗೂ ಇದೇ ಸೆಕ್ಷನ್‌ನಲ್ಲಿ ಪರಿಹಾರ ಸಿಕ್ಕಿದೆ. ದೂರದ ಊರಿಗೆ ಲಾರಿ ಓಡಿಸಿಕೊಂಡು ಹೋಗಿ, ದಾರಿಯಲ್ಲಿ ಮೈಗೆ ಸರಿಯಿಲ್ಲದೆ ಲಾರಿ ನಿಲ್ಲಿಸಿ ತೀರಿಕೊಂಡ ಚಾಲಕರೊಬ್ಬರ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2012ರ ಡಿಸೆಂಬರ್‌ನಲ್ಲಿ ಹೀಗೇ ತೀರ್ಪು ಕೊಟ್ಟಿತು. ಅದೇ ಕೋರ್ಟ್ 2006ರಲ್ಲಿ ಇನ್ನೊಂದು ಹೃದಯಾಘಾತದ ಕೇಸಿನಲ್ಲಿ, ಕೆಲಸದ ಒತ್ತಡಕ್ಕೂ ಸಾವಿಗೂ ಸಂಬಂಧ ಇದೆ ಅನ್ನಲು ಸಾಕ್ಷ್ಯ ಬೇಕು, ಸುಮ್ನೆ ಊಹೆ ಸಾಲದು ಅಂದಿತ್ತು. ಈ ಎರಡನ್ನೂ ಒಟ್ಟಿಗೆ ಓದಿದರೆ ನಿಮ್ಮ ಕೇಸು ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಅನ್ನುವುದು ಗೊತ್ತಾಗುತ್ತದೆ. ಆ ಬೆಳಗಿನ ಘಟನೆಗೂ ಇವತ್ತಿನ ಕಾಯಿಲೆಗೂ ಕಾಗದದಲ್ಲಿ ನಂಟು ಕಾಣಬೇಕು.

ಅದಕ್ಕೇ ನೀವು ಏನೂ ಅಲ್ಲ ಅಂದುಕೊಂಡು ಕೊನೆಗೆ ಬರೆದ ಮೊಣಕಾಲಿನ ಮಾತು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ಪಿಎಚ್‌ಸಿಯ ಆ ಒಪಿಡಿ ಚೀಟಿ ಮನೆಯಲ್ಲಿ ಇದೆಯಾ ಹುಡುಕಿ. ಇಲ್ಲದಿದ್ದರೆ ಅಲ್ಲಿಯ ರಿಜಿಸ್ಟರ್‌ನಲ್ಲಿ ಹೆಸರು, ತಾರೀಕು ಇರುತ್ತದೆ, ನಕಲು ಕೇಳಿ. ಅದೇ ದಿನ, ಅದೇ ಘಟನೆಯಲ್ಲಿ ಇವರಿಗೂ ಪೆಟ್ಟಾಗಿತ್ತು ಅನ್ನುವುದಕ್ಕೆ ಸರ್ಕಾರಿ ದಾಖಲೆ ಅದು. ಸಾವು ಆದ ಮೇಲೆ ಪೊಲೀಸರೂ ಅರಣ್ಯ ಇಲಾಖೆಯವರೂ ಬಂದು ಮಹಜರು ಮಾಡಿರುತ್ತಾರೆ. ಕಣ್ಣಾರೆ ಕಂಡವರು ಅಂತ ನಿಮ್ಮ ಯಜಮಾನರ ಹೇಳಿಕೆ ತೆಗೆದುಕೊಂಡಿದ್ದರೆ ಅದರ ನಕಲೂ ಬೇಕು. ಅವತ್ತಿನ ಹಾಜರಿ ಪುಸ್ತಕದ ಪುಟದ ಫೋಟೋ ಸಿಕ್ಕರೆ ಇನ್ನೂ ಒಳ್ಳೆಯದು.

ಇನ್ನು ಡಾಕ್ಟರು. ಇಲ್ಲೇ ನಮ್ಮವರು ಎಡವುತ್ತಾರೆ. ಡಾಕ್ಟರ ಮುಂದೆ ಕೂತು "ನಿದ್ದೆ ಬರಲ್ಲ ಸಾರ್, ಹೊಟ್ಟೆ ಉರಿ" ಅನ್ನುತ್ತಾರೆ. ಡಾಕ್ಟರು ನಿದ್ದೆಗೊಂದು, ಗ್ಯಾಸ್ಟ್ರಿಕ್‌ಗೊಂದು ಮಾತ್ರೆ ಬರೆಯುತ್ತಾರೆ. ಚೀಟಿಯಲ್ಲಿ ಉಳಿಯುವುದು ಅಷ್ಟೇ. ಆನೆಯ ಮಾತೇ ಬರುವುದಿಲ್ಲ. ಎರಡು ವರ್ಷದ ನಂತರ ತೋಟಕ್ಕೆ ವಿಮೆ ಮಾಡಿದ ಕಂಪನಿಯ ವಕೀಲರು ಆ ಚೀಟಿ ಹಿಡಿದು, ಇವರಿಗೆ ಗ್ಯಾಸ್ಟ್ರಿಕ್ ಇತ್ತು ಸ್ವಾಮಿ ಅಂದರೆ ಏನು ಹೇಳುವುದು? ಆದ್ದರಿಂದ ನೀವೂ ಜೊತೆಗೆ ಹೋಗಿ. ಇವರಿಗೆ ಹೇಳಲು ಬಾಯಿ ಬರದಿದ್ದರೆ ನೀವು ಹೇಳಿ. ಯಾವ ದಿನ, ಏನು ನೋಡಿದರು, ಮೊದಲು ಹೇಗಿದ್ದರು, ಈಗ ಹೇಗಿದ್ದಾರೆ. ಕೊಂಬೆ ಮುರಿದ ಸದ್ದಾದರೆ ಬೆಚ್ಚುತ್ತಾರಾ, ಅದೇ ದೃಶ್ಯ ಕನಸಿನಲ್ಲಿ ಬರುತ್ತಾ, ಗೇಟಿನ ಹತ್ತಿರ ಮೈ ಬೆವರುತ್ತಾ, ಎಲ್ಲ ಹೇಳಿ. ಇಂಥ ಲಕ್ಷಣಗಳು ಒಂದು ತಿಂಗಳು ಮೀರಿ ಉಳಿದರೆ ಡಾಕ್ಟರು ಪಿಟಿಎಸ್‌ಡಿ ಇರಬಹುದಾ ಅಂತ ನೋಡುತ್ತಾರೆ, ಅಂದರೆ ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆ. ಹೌದೋ ಅಲ್ಲವೋ ಅಂತ ತೀರ್ಮಾನಿಸುವುದು ಅವರ ಕೆಲಸ, ನನ್ನದಲ್ಲ. ಆದರೆ ಕಾಯಿಲೆಯ ಹೆಸರಿನ ಜೊತೆ "ಕೆಲಸದ ವೇಳೆ ನಡೆದ ಆನೆ ದಾಳಿಯ ನಂತರ ಶುರುವಾದದ್ದು" ಅನ್ನುವ ಒಂದು ಸಾಲು ಚೀಟಿಯಲ್ಲಿ ಬರಲಿ ಅಂತ ವಿನಯದಿಂದ ಕೇಳಿ. ಈ ಕಾಗದಗಳನ್ನು ರೋಗಿ ಕೇಳಿ ಪಡೆಯಬಹುದು, 2017ರ ಮಾನಸಿಕ ಆರೋಗ್ಯ ಕಾಯ್ದೆ ಆ ಹಕ್ಕು ಕೊಟ್ಟಿದೆ.

ಎಲ್ಲಿಗೆ ಹೋಗಬೇಕು ಅಂತ ಯೋಚನೆ ಬೇಡ. ಹಾಸನದ ಹಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲೂ ಮನೋವೈದ್ಯರು ನೋಡುವ ವ್ಯವಸ್ಥೆ ರಾಜ್ಯದಲ್ಲಿದೆ. ಆಲೂರಿನಲ್ಲಿ ಯಾವ ವಾರ ಬರುತ್ತಾರೆ ಅಂತ ಆಸ್ಪತ್ರೆಯಲ್ಲೇ ಕೇಳಿಕೊಳ್ಳಿ. ರಾತ್ರಿ ಹೊತ್ತು ಕೈ ಮೀರಿತು ಅನ್ನಿಸಿದರೆ, ಸಾಯುವ ಮಾತು ಬಂದರಂತೂ ತಕ್ಷಣ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಪರಿಹಾರ ಬಂದ ಮೇಲೆ ಚಿಕಿತ್ಸೆ ಅಂತ ಕಾಯಬೇಡಿ. ಇದಕ್ಕೆ ಮಾತಿನ ಚಿಕಿತ್ಸೆಯೂ ಇದೆ, ಮಾತ್ರೆಯೂ ಇದೆ. ಮಾತ್ರೆ ಪೂರ್ತಿ ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ. ಹತ್ತು ದಿನ ನುಂಗಿ, ಪ್ರಯೋಜನ ಇಲ್ಲ ಅಂತ ಬಿಡಬೇಡಿ.

ಖರ್ಚಿನ ಮಾತು. ನಿಮ್ಮ ಮುಖ್ಯ ಪ್ರಶ್ನೆ ಇದೇ ಅಲ್ವಾ? 2009ರ ತಿದ್ದುಪಡಿಯಲ್ಲಿ 4ನೇ ಸೆಕ್ಷನ್‌ಗೆ (2ಎ) ಅಂತ ಒಂದು ಉಪವಿಧಿ ಸೇರಿತು. ಕೆಲಸದಲ್ಲಿ ಆದ ಗಾಯದ ಚಿಕಿತ್ಸೆಗೆ ಕೆಲಸಗಾರ ನಿಜವಾಗಿ ಎಷ್ಟು ಖರ್ಚು ಮಾಡಿದ್ದಾನೋ ಅಷ್ಟನ್ನೂ ಮಾಲೀಕರು ತುಂಬಿಕೊಡಬೇಕು. ಇಷ್ಟೇ ಅಂತ ಮಿತಿ ಹಾಕಿಲ್ಲ. ಆದರೆ ಬಿಲ್ ಇಲ್ಲದ ಖರ್ಚು ಖರ್ಚೇ ಅಲ್ಲ. ಮೆಡಿಕಲ್ ಶಾಪ್‌ನಲ್ಲಿ ಯಜಮಾನರ ಹೆಸರಿಗೇ ಬಿಲ್ ಮಾಡಿಸಿ. ಹೊರಗೆ ಕೌನ್ಸೆಲಿಂಗ್‌ಗೆ ಹೋಗುವುದಾದರೆ ಮೊದಲು ಮನೋವೈದ್ಯರಿಂದ ಬರೆಸಿಕೊಂಡು ಹೋಗಿ. ಹಾಗೆ ಬರೆಸದೆ ಹೋದರೆ ಆ ಫೀಸಿಗೆ ತಕರಾರು ಬರುತ್ತದೆ. ಇನ್ನೊಂದು ವಿಷಯ, ತೋಟದ ವಿಮೆ ಪಾಲಿಸಿಯಲ್ಲಿ ಚಿಕಿತ್ಸೆ ಖರ್ಚು ಸೇರಿರುವುದಿಲ್ಲ ಅನ್ನುವ ಉತ್ತರ ಬರಬಹುದು. ಅದು ಸಾಹುಕಾರ್ರಿಗೂ ವಿಮಾ ಕಂಪನಿಗೂ ನಡುವಿನ ಲೆಕ್ಕ. ವಿಮೆ ಇದ್ದರೂ ಇಲ್ಲದಿದ್ದರೂ ಮಾಲೀಕರ ಹೊಣೆ ಹಾಗೇ ಇರುತ್ತದೆ.

ಕೆಲಸ ಮಾಡಲು ಆಗದ ದಿನಗಳಿಗೆ ಬೇರೆ ದುಡ್ಡಿದೆ. ಡಾಕ್ಟರು ಸದ್ಯಕ್ಕೆ ಕೆಲಸಕ್ಕೆ ಆಗುವುದಿಲ್ಲ ಅಂತ ಬರೆದರೆ, ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಶೇ. 25. ನಿಮ್ಮ ಲೆಕ್ಕದಲ್ಲಿ 3,500, ತಿಂಗಳಿಗೆ 7,000. ಹೆಚ್ಚೆಂದರೆ ಐದು ವರ್ಷದ ತನಕ. ಸಂಬಳ ಎಷ್ಟೇ ಇದ್ದರೂ ಹಳೆ ಕಾಯ್ದೆಯ ಲೆಕ್ಕಕ್ಕೆ 15,000 ಮಿತಿ ಇತ್ತು, ನಿಮ್ಮದು ಅದರೊಳಗೇ ಇದೆ. ಕೊಡಬೇಕಾದ್ದನ್ನು ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ, ಕಾರಣವಿಲ್ಲದೆ ಸತಾಯಿಸಿದರೆ ಬಾಕಿಯ ಅರ್ಧದ ತನಕ ದಂಡ. ಕಾಯಂ ಆಗಿ ದುಡಿಯುವ ಶಕ್ತಿ ಕುಂದಿದೆ ಅಂತಾದರೆ ಆ ಲೆಕ್ಕ ಬೇರೆ, ಅದಕ್ಕೆ ಇನ್ನೂ ಕಾಲ ಬಂದಿಲ್ಲ. ಚೆನ್ನಾಗಿ ಚಿಕಿತ್ಸೆ ಆಗಿ ಆ ಲೆಕ್ಕ ಹಾಕುವ ಪ್ರಸಂಗವೇ ಬರದಿರಲಿ ಅನ್ನುವುದು ನನ್ನ ಆಸೆ.

ಕುಡಿತದ ವಿಚಾರ ಮುಚ್ಚಿಡಬೇಡಿ. ಕುಡುಕನಿಗೆ ಪರಿಹಾರ ಇಲ್ಲ ಅಂತ ಯಾರಾದರೂ ಹೆದರಿಸಿದರೆ ಅದು ಅರ್ಧ ಸತ್ಯ. ಅಪಘಾತದ ಹೊತ್ತಿನಲ್ಲಿ ಕುಡಿದಿದ್ದು, ಆ ಅಮಲೇ ಅಪಘಾತಕ್ಕೆ ಕಾರಣವಾಗಿದ್ದರೆ ಮಾತ್ರ ಕಾಯ್ದೆ ಅಡ್ಡ ಬರುತ್ತದೆ. ಆಮೇಲೆ ನಿದ್ದೆಗಾಗಿ ಶುರು ಮಾಡಿಕೊಂಡದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಡಾಕ್ಟರಿಗೆ ಹೇಳಲೇಬೇಕು. ಮಾತ್ರೆ ಜೊತೆ ಸಾರಾಯಿ ಸೇರಿದರೆ ಜೀವಕ್ಕೇ ಅಪಾಯ.

ಈಗ ನೋಟಿಸ್. ಇದಕ್ಕೆ ವಕೀಲರ ಭಾಷೆ ಬೇಡ. ಹೆಸರು, ವಿಳಾಸ, ಗಾಯ ಹೇಗಾಯಿತು, ಯಾವತ್ತು ಆಯಿತು ಅನ್ನುವುದನ್ನು ಸಾಮಾನ್ಯ ಮಾತಿನಲ್ಲಿ ಬರೆದರೆ ಸಾಕು ಅಂತ ಕಾಯ್ದೆಯೇ ಹೇಳುತ್ತದೆ. ಹೀಗೆ ಬರೆಯಬಹುದು:

"ನಾನು ತಮ್ಮ ತೋಟದಲ್ಲಿ ಮೇಸ್ತ್ರಿ. ಇಂಥ ತಾರೀಕು ಬೆಳಿಗ್ಗೆ ತಮ್ಮ ಕೆಲಸದ ಮೇಲೆ ಆಳುಗಳ ಜೊತೆ ತೋಟದಲ್ಲಿದ್ದಾಗ ಕಾಡಾನೆ ದಾಳಿ ಮಾಡಿತು. ನನ್ನ ಜೊತೆಯವರು ನನ್ನ ಎದುರೇ ಸತ್ತರು. ತಪ್ಪಿಸಿಕೊಳ್ಳುವಾಗ ತೊಟ್ಟಿಲು ಗುಂಡಿಗೆ ಬಿದ್ದು ನನ್ನ ಮೊಣಕಾಲಿಗೆ ಪೆಟ್ಟಾಯಿತು. ಅವತ್ತಿನಿಂದ ಮನಸ್ಸಿಗೂ ಗಾಯವಾಗಿ ಕೆಲಸ ಮಾಡಲು ಆಗುತ್ತಿಲ್ಲ. ಚಿಕಿತ್ಸೆಯಲ್ಲಿದ್ದೇನೆ. ಕಾಯ್ದೆಯ ಪ್ರಕಾರ ಚಿಕಿತ್ಸೆಯ ಖರ್ಚು ಮತ್ತು ಪರಿಹಾರ ಕೊಡಬೇಕಾಗಿ ಕೇಳಿಕೊಳ್ಳುತ್ತೇನೆ."

ಬಿದ್ದದ್ದು ತೊಟ್ಟಿಲು ಗುಂಡಿಗಲ್ಲ (ಕಾಫಿ ಗಿಡಗಳ ನಡುವೆ ನೀರು ಇಂಗಲು ತೋಡುವ ಗುಂಡಿ), ಬೇರೆ ಗುಂಡಿಗೆ ಅಂತಾದರೆ ಅದನ್ನೇ ಬರೆಯಿರಿ. ಒಂದಕ್ಷರವೂ ಜಾಸ್ತಿ ಮಾಡಬೇಡಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಹಳೆಯ ರಿಜಿಸ್ಟರ್ಡ್ ಪೋಸ್ಟ್ ಈಗ ಅದರಲ್ಲೇ ಸೇರಿದೆ. ತಡವಾಯಿತು ಅಂತ ಹೆದರಬೇಡಿ. ಘಟನೆ ಸಾಹುಕಾರ್ರಿಗೆ ಅವತ್ತೇ ಗೊತ್ತಿತ್ತು, ಅಂಥ ಕಡೆ ನೋಟಿಸ್ ತಡವಾದದ್ದು ಅಡ್ಡಿಯಾಗುವುದಿಲ್ಲ. ನೋಟಿಸ್ ಸಿಕ್ಕ ಮೇಲೆ ಅವರು ತಮ್ಮ ಖರ್ಚಿನಲ್ಲಿ ಬೇರೆ ಡಾಕ್ಟರಿಗೆ ತೋರಿಸಿ ಅಂದರೆ ಹೋಗಿ, ಹೋಗಲ್ಲ ಅಂದರೆ ನಿಮ್ಮ ಹಕ್ಕು ಅಲ್ಲಿಗೆ ತಡೆಯಾಗುತ್ತದೆ.

ನೋಟಿಸ್‌ಗೆ ಉತ್ತರ ಬರದಿದ್ದರೆ ಅರ್ಜಿ ಹಾಕಬೇಕು. ಘಟನೆಯ ದಿನದಿಂದ ಎರಡು ವರ್ಷದೊಳಗೆ, ಅಂದರೆ 2027ರ ಆಗಸ್ಟ್‌ನ ಅದೇ ತಾರೀಕಿನೊಳಗೆ. ನಮ್ಮ ರಾಜ್ಯದಲ್ಲಿ ಹಳೆ ಕಾಯ್ದೆಯ ಈ ಕೇಸುಗಳನ್ನು ಪರಿಹಾರ ಆಯುಕ್ತರ ಜಾಗದಲ್ಲಿ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟುಗಳು ನಡೆಸುತ್ತ ಬಂದಿವೆ. ನೀವು ಇರುವ ಊರಿನ ವ್ಯಾಪ್ತಿಯಲ್ಲೇ ಹಾಕಬಹುದು. ವಕೀಲರ ಫೀಸಿಗೆ ದುಡ್ಡಿಲ್ಲ ಅಂತ ಕೈಬಿಡಬೇಡಿ. ಕಾರ್ಮಿಕರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಉಚಿತ ವಕೀಲರನ್ನು ಕೊಡಲು ಕಾನೂನು ಸೇವಾ ಪ್ರಾಧಿಕಾರ ಇದೆ. ಹಾಸನದ ಕೋರ್ಟ್ ಆವರಣದಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಇದನ್ನು ಓದುವ ಗಾರ್ಮೆಂಟ್ಸ್, ಫ್ಯಾಕ್ಟರಿ ಕೆಲಸದವರಿಗೆ ಒಂದು ಮಾತು. ನಿಮಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ಟುತ್ತಿದ್ದರೆ ದಾರಿ ಬೇರೆ. ಚಿಕಿತ್ಸೆ, ಪರಿಹಾರ ಎರಡನ್ನೂ ಇಎಸ್‌ಐನಲ್ಲೇ ಕೇಳಬೇಕು, ಮಾಲೀಕರ ಮೇಲೆ ಈ ಕಾಯ್ದೆಯಲ್ಲಿ ಹೋಗಲು ಬರುವುದಿಲ್ಲ.

ಕೊನೆಗೆ, ಕೆಲಸಕ್ಕೆ ಹೋಗಲೇಬೇಕಾ ಅಂತ ಕೇಳಿದ್ದೀರಿ. ಬಲವಂತವಾಗಿ ಗೇಟಿನೊಳಗೆ ತಳ್ಳಬೇಡಿ, ಗಂಡಸಲ್ವಾ ಅಂತ ನೆಂಟರು ಹೀಯಾಳಿಸಲೂ ಬಿಡಬೇಡಿ. ಹಾಗಂತ ವರ್ಷಗಟ್ಟಲೆ ಮನೆಯಲ್ಲೇ ಕೂತರೆ ಹೆದರಿಕೆ ಇನ್ನೂ ಬೇರು ಬಿಡುತ್ತದೆ. ಯಾವಾಗ, ಎಷ್ಟು ಹೊತ್ತು, ಎಂಥ ಕೆಲಸ ಅಂತ ಡಾಕ್ಟರ ಹತ್ತಿರ ಬರೆಸಿ ಸಾಹುಕಾರ್ರಿಗೆ ಕೊಡಿ. ತೋಟದೊಳಗೆ ಬೇಡ, ಕಣದಲ್ಲೋ ಗೋಡೌನಿನಲ್ಲೋ ಅರ್ಧ ದಿನದ ಕೆಲಸ ಕೊಡಿ ಅಂತ ಕೇಳಬಹುದು. ಹಾಗೆ ಸ್ವಲ್ಪ ದುಡಿಯಲು ಶುರು ಮಾಡಿದರೆ ಪರಿಹಾರದ ಹಕ್ಕು ಹೋಗುವುದಿಲ್ಲ, ಕಂತಿನ ಮೊತ್ತ ಮಾತ್ರ ಕಡಿಮೆಯಾಗಬಹುದು. ಇಷ್ಟು ದಿನ ಯಾಕೆ ಬರಲಿಲ್ಲ ಅಂತ ತೋಟದಿಂದ ಪತ್ರ ಬಂದರೆ ಸುಮ್ನೆ ಇರಬೇಡಿ, ವೈದ್ಯರ ಚೀಟಿಯ ಜೆರಾಕ್ಸ್ ಇಟ್ಟು ಅದೇ ವಾರ ಉತ್ತರ ಕಳಿಸಿ.

ಸಂಪಾದಕ