ಯಾರೂ ಮಾಡದ ಗೇಮ್ ಐಡಿಯಾ ಹೊಳೆಯುವವರೆಗೆ ಕಾಯಬೇಕಾ?

ಎಲ್ಲ ಗೇಮುಗಳೂ ಒಂದನ್ನೊಂದು ನೋಡಿ ನಕಲು ಹೊಡೆದ ಹಾಗಿವೆ, ಪೂರ್ತಿ ಹೊಸದೊಂದು ಹೊಳೆದ ಮೇಲೇ ಕೆಲಸ ಬಿಟ್ಟು ಸ್ವಂತ ಗೇಮ್ ಮಾಡುತ್ತೇನೆ ಅಂದಿದ್ದೀರಿ. ಆರು ವರ್ಷದ ಹಿಂದೆ ನಾನೂ ಇದನ್ನೇ ಹೇಳಿಕೊಂಡು ತಿರುಗುತ್ತಿದ್ದೆ. ನನಗೆ ಹೊಳೆದೂಬಿಟ್ಟಿತು. ಎಡವಟ್ಟಾಗಿದ್ದು ಅಲ್ಲೇ.

ಆಗ ಎಚ್‌ಎಸ್‌ಆರ್ ಲೇಔಟಿನ ಒಂದು ಮೊಬೈಲ್ ಗೇಮ್ ಕಂಪನಿಯಲ್ಲಿದ್ದೆ. ಹೆಸರು ಬೇಡ. ಸೋಮವಾರದ ಮೀಟಿಂಗ್ ಅಂದರೆ ಪ್ಲೇ ಸ್ಟೋರಿನ ಟಾಪ್ ಚಾರ್ಟ್ ತೆರೆದು ಕೂರುವುದು. ಮೇಲಕ್ಕೆ ಬಂದ ಗೇಮೊಂದನ್ನು ಆರಿಸಿ, ಎರಡು ಮೂರು ವಾರದಲ್ಲಿ ಅದರದೇ ಅಚ್ಚಿನಲ್ಲಿ ಇನ್ನೊಂದು ತೆಗೆಯಬೇಕು. ರೀಸ್ಕಿನ್ ಅನ್ನುತ್ತಿದ್ದೆವು. ಹಣ್ಣಿದ್ದ ಕಡೆ ಲಡ್ಡು, ಕಾರಿದ್ದ ಕಡೆ ಆಟೋ. ಯಾರಾದರೂ ಮುಖ ಹುಳ್ಳಗೆ ಮಾಡಿದರೆ ಮ್ಯಾನೇಜರ್ ಉತ್ತರ ರೆಡಿ: ಚಿತ್ರಕ್ಕೆ, ಸಂಗೀತಕ್ಕೆ, ಕೋಡ್‌ಗೆ ಕಾಪಿರೈಟ್ ಇದೆ ಕಣಯ್ಯಾ, ಆಟದ ನಿಯಮಕ್ಕಿಲ್ಲ. ಮಾತು ಸರಿಯೇ.

ಅಲ್ಲಿದ್ದವನಿಗೆ ಥ್ರೀಸ್ ಅನ್ನೋ ಗೇಮಿನ ಕಥೆ ತಲೆಯಲ್ಲಿ ಕೂರದೆ ಇರುತ್ತದಾ? ಅಂಕಿಗಳನ್ನು ಸರಿಸಿ ಕೂಡಿಸುವ ಆ ಪುಟ್ಟ ಗೇಮನ್ನು 14 ತಿಂಗಳು ತಿದ್ದಿ ತೀಡಿ 2014ರ ಫೆಬ್ರವರಿಯಲ್ಲಿ ಬಿಟ್ಟರು. ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಮುಂದಿನ ತಿಂಗಳೇ ಇಟಲಿಯ 19ರ ಹುಡುಗನೊಬ್ಬ ಒಂದು ವಾರಾಂತ್ಯದಲ್ಲಿ ಬರೆದ 2048 ಬಂತು. ಫ್ರೀ. ಅವನು ಮಾದರಿಯಾಗಿ ಇಟ್ಟುಕೊಂಡಿದ್ದು ಥ್ರೀಸ್ ಥರದ್ದೇ ಆದ 1024 ಅನ್ನೋ ಇನ್ನೊಂದು ಗೇಮನ್ನು. ನಿಮ್ಮ ಮನೆಯಲ್ಲಿ ಕೇಳಿ ನೋಡಿ, 2048 ಆಡಿದವರು ಸಿಗುತ್ತಾರೆ. ಥ್ರೀಸ್ ಅಂದರೆ ಮುಖ ಮುಖ ನೋಡುತ್ತಾರೆ.

ಹಾಗಾಗಿ ಕೆಲಸ ಬಿಟ್ಟು ಸ್ವಂತ ಗೇಮ್ ಶುರು ಮಾಡಿದಾಗ ಒಂದೇ ಭಯ. ಯಾರಾದರೂ ಕದ್ದರೆ? ಯಾರಿಗೂ ತೋರಿಸಲಿಲ್ಲ. ನನ್ನ ತಪ್ಪು ಇದೇ. ದುಡ್ಡು ಕಮ್ಮಿಯಾಗಿದ್ದಲ್ಲ, ಮಾರ್ಕೆಟಿಂಗ್ ಅಲ್ಲ, ಗ್ರಾಫಿಕ್ಸ್ ಅಲ್ಲ. 20 ತಿಂಗಳು ಬಚ್ಚಿಟ್ಟಿದ್ದು. ರೂಮ್‌ಮೇಟ್ ಟೀ ತಂದುಕೊಟ್ಟರೂ ಲ್ಯಾಪ್‌ಟಾಪ್ ಮುಚ್ಚುತ್ತಿದ್ದೆ. ಹಳೇ ಆಫೀಸಿನ ಗೆಳೆಯನೊಬ್ಬ ಟೆಸ್ಟ್ ಮಾಡಿಕೊಡ್ತೀನಿ ಅಂದಾಗ, ಅವನ ಮೇಲೇ ಅನುಮಾನ ಬಂತು. ದಿನಾ ನಾನೇ ಆಡುತ್ತಿದ್ದೆ, ನೂರಾರು ಸಲ, ನೀರು ಕುಡಿದ ಹಾಗೆ. ಮಾಡಿದವನಿಗೆ ಎಲ್ಲಿ ಏನಿದೆ ಅಂತ ಗೊತ್ತೇ ಇರುತ್ತಲ್ವಾ? ಅದನ್ನೇ ಗೇಮ್ ಸುಲಭವಾಗಿದೆ ಅಂದುಕೊಂಡೆ.

ನನ್ನ ಮಹಾ ಹೊಸ ಐಡಿಯಾ ಏನು ಗೊತ್ತಾ? ಬೆರಳು ತೆಗೆದರೆ ಹುಡುಗ ಓಡುತ್ತಾನೆ, ಮುಟ್ಟಿದರೆ ನಿಲ್ಲುತ್ತಾನೆ. ರಿಲೀಸ್ ಆದ ವಾರ ಗೌರಿ ಹಬ್ಬಕ್ಕೆ ಹಾಸನಕ್ಕೆ ಹೋಗಿದ್ದೆ. ಅಕ್ಕನ ಮಗಳಿಗೆ ಒಂಬತ್ತು ವರ್ಷ. ಫೋನ್ ಕೈಗೆ ಕೊಟ್ಟೆ. ಎಲ್ಲರೂ ಮಾಡುವ ಹಾಗೆ ಅವಳೂ ಶುರು ಮಾಡಲು ಸ್ಕ್ರೀನ್ ಒತ್ತಿದಳು. ಹುಡುಗ ನಿಂತ. ಇನ್ನೂ ಗಟ್ಟಿಯಾಗಿ ಒತ್ತಿದಳು. ಹೆಬ್ಬೆರಳಿನ ಉಗುರು ಬೆಳ್ಳಗಾಗುವಷ್ಟು. ಆಮೇಲೆ ಲಂಗಕ್ಕೆ ಸ್ಕ್ರೀನ್ ಒರೆಸಿ ಮತ್ತೆ ಒತ್ತಿದಳು. "ಮಾಮ, ನಿನ್ ಫೋನ್ ಹ್ಯಾಂಗ್ ಆಗಿದೆ" ಅಂತ ವಾಪಸ್ ಕೊಟ್ಟು ಕಡುಬು ತಿನ್ನಲು ಹೋದಳು. ಪ್ಲೇ ಸ್ಟೋರಿನಲ್ಲಿ ಒಂದು ಸ್ಟಾರ್ ಕೊಟ್ಟವರೂ ಬರೆದಿದ್ದು ಅದನ್ನೇ, ಹ್ಯಾಂಗ್ ಆಗ್ತಿದೆ ಅಂತ. ಮೊದಲ ವಾರವೇ ಅವಳಿಗೆ ತೋರಿಸಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ನನಗೆ ಗೊತ್ತಾಗುವ ಹೊತ್ತಿಗೆ ಪಿಎಫ್ ದುಡ್ಡೂ ಖಾಲಿ. ಕದಿಯಲು ಯಾರೂ ಬರಲಿಲ್ಲ ಬಿಡಿ. ಕದಿಯುವಂಥದ್ದು ಏನಿತ್ತು ಅಲ್ಲಿ?

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಹೊಸತನ ಇಲ್ಲ ಅನ್ನೋದು ದೊಡ್ಡ ಸ್ಟುಡಿಯೋಗಳ ಬಗ್ಗೆ ಸರಿ ಇರಬಹುದು. 2023ರಲ್ಲಿ ಅಮೆರಿಕದ ಕೋರ್ಟಿಗೆ ಸೋನಿ ಕೊಟ್ಟ ಕಾಗದದಲ್ಲಿ ಖರ್ಚಿನ ಅಂಕಿಗಳ ಮೇಲೆ ಮಾರ್ಕರ್ ಬಳಿದಿದ್ದರು. ಸ್ಕ್ಯಾನಿನಲ್ಲಿ ಅವು ಕಾಣಿಸಿಬಿಟ್ಟವು: ದ ಲಾಸ್ಟ್ ಆಫ್ ಅಸ್ ಗೇಮಿನ ಎರಡನೇ ಭಾಗಕ್ಕೆ ಸುಮಾರು 22 ಕೋಟಿ ಡಾಲರ್. ಅಷ್ಟು ಸುರಿಯುವವರು ಗೆದ್ದ ಕುದುರೆಯನ್ನೇ ಮತ್ತೆ ಓಡಿಸುತ್ತಾರೆ. ನಿಮಗೂ ನನಗೂ ಆ ಲೆಕ್ಕ ಯಾಕೆ?

ಹೊಸದು ಹುಟ್ಟುವುದೇ ಹಳೆಯದರ ಮೇಲೆ. ಒಂದೇ ಥರದ ಮೂರನ್ನು ಸಾಲಾಗಿ ಜೋಡಿಸುವ ಆಟ ರಷ್ಯಾದ ಶಾರಿಕಿ ಅನ್ನೋ ಗೇಮಿನಲ್ಲಿ 1994ರಲ್ಲೇ ಇತ್ತು. 2001ಕ್ಕೆ ಬಿಜುವೆಲ್ಡ್, 2012ಕ್ಕೆ ಕ್ಯಾಂಡಿ ಕ್ರಶ್. ನಮ್ಮ ಚೌಕಾಬಾರವನ್ನೇ ನೋಡಿ. ಅಮ್ಮನ ಊರಲ್ಲಿ ಒಂದು ನಿಯಮ, ಅಪ್ಪನ ಊರಲ್ಲಿ ಇನ್ನೊಂದು. ಯಾರು ಯಾರದ್ದು ಕದ್ದರು ಅಂತ ಯಾವತ್ತಾದರೂ ಜಗಳ ಆಗಿದೆಯಾ? ಕಾಯಿ ಕಡಿದಿದ್ದಕ್ಕೆ ಜಗಳ ಆಗಿದೆ, ಅದು ಬೇರೆ.

ಈಗಲೇ ಕೆಲಸ ಬಿಡಬೇಡಿ. ನಿಮಗೆ ಇಷ್ಟವಾದ ಗೇಮನ್ನು ತಗೊಂಡು ಅದರಲ್ಲಿ ಒಂದೇ ಒಂದು ನಿಯಮ ಬದಲಾಯಿಸಿ. ಚಿತ್ರ ಗಿತ್ರ ಬೇಡ, ಚೌಕ ಡಬ್ಬಿಗಳು ಸಾಕು. ಈ ಭಾನುವಾರವೇ ಯಾರ ಕೈಗಾದರೂ ಕೊಡಿ. ಕೊಟ್ಟ ಮೇಲೆ ನೀವು ಬಾಯಿ ಬಿಡಬಾರದು, "ಅಲ್ಲಿ ಒತ್ತು" ಅಂತಲೂ ಅನ್ನಬಾರದು. ಅವರ ಮುಖ ನೋಡಬೇಡಿ, ಬೆರಳು ನೋಡಿ.

ನಾನೀಗ ಇನ್ನೊಂದು ಕಂಪನಿಯಲ್ಲಿ ಲೆವೆಲ್ ಡಿಸೈನ್ ಮಾಡುತ್ತೇನೆ. ಹೌದು, ಮೂರು ಜೋಡಿಸುವ ಗೇಮೇ. ಅಕ್ಕನ ಮಗಳು 140ನೇ ಲೆವೆಲ್‌ನಲ್ಲಿ ಸಿಕ್ಕಿಕೊಂಡಿದ್ದಾಳೆ, ದಿನಾ ಫೋನ್ ಮಾಡಿ ಬೈಯುತ್ತಾಳೆ.